ಹಿಂದಿನ ಗಾಲಿಯ ಬೇರಿಂಗ್

"ಮಾಬ್ಲಣ್ಣ, ನಾ ಎಲ್ಲಿ ತಪ್ದೆ ಹೇಳಿ," ಎನ್ನುತ್ತ ಉಮೇಶ ಸುಟ್ಟು ನೀಲಿಗಟ್ಟಿದ ಬೇರಿಂಗನ್ನು ಬೆಂಚಿನ ಮೇಲಿಟ್ಟ. "ನೀವು ಹೇಳಿದ್ದೇ ಹಾಕಿದ್ದೆ. ತೋಡೂರ ಹತ್ರ ಗಾಲಿ ಹಿಡ್ಕಂಡು ಟೆಂಪೋ ಮಗಚ್ತು. ಮಾದೇವಕ್ಕನ ಬಲಗೈ ಪುಡಿಯಾಗ್ಯದೆ. ಮೀನು ಕೊಯ್ಯೂ ಕೈ ಅದು."

ಮಾಬ್ಲೇಶ್ವರ ಅದನ್ನು ಮುಟ್ಟಲಿಲ್ಲ. ಆ ಹಳೇ ಟೆಂಪೋದ ಸಾಮಾನು ಬರುವುದು ನಿಂತು ವರ್ಷಗಳಾಗಿದ್ದವು. ಯಾವ ಗಾಡಿಯದು ಯಾವುದಕ್ಕೆ ಕೂರುತ್ತದೆ ಎಂದು ಅಂಕೋಲೆಯಲ್ಲಿ ಬಲ್ಲವನು ಅವನೊಬ್ಬನೇ. ಗ್ಯಾರೇಜು ನಡೆದದ್ದೂ ಅದರಿಂದಲೇ. ಹನ್ನೊಂದು ವರ್ಷ ಅವನಲ್ಲಿ ಪಳಗಿದ ಉಮೇಶ ಎರಡು ವರ್ಷದ ಹಿಂದೆ ಬಾಳೆಗುಳಿಯಲ್ಲಿ ಸ್ವಂತ ಗ್ಯಾರೇಜು ಹಾಕಿದ್ದೇ ತಡ, ಗಿರಾಕಿಗಳೆಲ್ಲ ಅತ್ತ ಹೊರಳಿದರು. ಮೀನು ಮಾರುವ ಮಾದೇವಿ ಕೂಡ ತನ್ನ ಟೆಂಪೋವನ್ನು ಅಲ್ಲಿಗೇ ಒಯ್ದಳು. ಮಾಬ್ಲೇಶ್ವರನ ಹೊಟ್ಟೆ ಉರಿದದ್ದು ಅದಕ್ಕೇ.

ಹೋದ ವಾರ ಉಮೇಶ ಈ ಟೆಂಪೋದ ಹಿಂದಿನ ಗಾಲಿಗೆ ಯಾವ ಬೇರಿಂಗ್ ಎಂದು ಫೋನಿನಲ್ಲಿ ಕೇಳಿದಾಗ, ಸಣ್ಣ ಲಾರಿಯ ಬೇರಿಂಗ್ ಕೂರುತ್ತದೆ ಎಂದಿದ್ದ. ಅದರ ಹಿಂದೆ ಒಂದು ವಾಷರ್ ಹಾಕದಿದ್ದರೆ ಕಾದು ಹಿಡಿದುಕೊಳ್ಳುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಆ ವಾಷರನ್ನು ಅವನು ಯಾರೆದುರೂ ಹಾಕಿದವನೇ ಅಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಾಗಿತ್ತು. ವಿದ್ಯೆಯನ್ನೆಲ್ಲ ದಾನ ಮಾಡಲು ಅವನೇನು ಧರ್ಮಛತ್ರ ಇಟ್ಟಿದ್ದನೇ? ಗಾಡಿ ದಾರಿಯಲ್ಲಿ ಕೆಟ್ಟು ನಿಂತು ಉಮೇಶನ ಹೆಸರು ಕೆಡಲಿ ಎಂದಷ್ಟೇ ಬಯಸಿದ್ದ.

"ಗ್ರೀಸ್ ಕಡಿಮೆಯಾಗ್ಯದೆ," ಎಂದುಬಿಟ್ಟ ಮಾಬ್ಲೇಶ್ವರ.

ಉಮೇಶ ತಲೆಯ ಮೇಲೆ ಕೈ ಹೊತ್ತು ಕೂತ. "ಹಂಗಾರೆ ತಪ್ಪು ನಂದೇ. ಮಾದೇವಕ್ಕನ ಮಗಳು ಪ್ರೀತಿ ಆಸ್ಪತ್ರೇಲಿ ಅಂದ್ಳು, ಮಾಬ್ಲಣ್ಣನ್ನ ಬಿಟ್ಟು ನಿನ್ನಲ್ಲಿ ಬಂದದ್ದೇ ನಮ್ಮ ಕರ್ಮ ಅಂತ."

ಈ ಮಾತು ಕೇಳಲು ಮಾಬ್ಲೇಶ್ವರ ಎರಡು ವರ್ಷ ಕಾದಿದ್ದ. ಈಗ ಕೇಳಿದರೆ ಬಾಯೆಲ್ಲ ಕಹಿಯಾಯಿತು.

ಉಮೇಶ ಗಡಬಡಿಸಿ ಎದ್ದ. "ಅರ್ಗಾದ ಭಾಸ್ಕರನ ಟೆಂಪೋಕ್ಕೂ ಇದೇ ಬೇರಿಂಗ್ ಹಾಕಿದ್ದೆ. ದಿನಾ ಎಂಟು ಹೆಂಗಸ್ರು ಕಾರವಾರ ಪೇಟೆಗೆ ಕೂತು ಹೋಗೂ ಗಾಡಿ. ಈಗ್ಲೇ ಹೋಗಿ ಗ್ರೀಸ್ ತುಂಬಿ ಬತ್ತೆ. ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

ಮಾಬ್ಲೇಶ್ವರ ಬಾಯಿ ತೆರೆದ. ಅಷ್ಟರಲ್ಲಿ ಉಮೇಶ ಬಗ್ಗಿ ಅವನ ಕಾಲು ಮುಟ್ಟಿದ.

"ನನ್ನ ಹತ್ರ ಗ್ರೀಸ್ ಮುಗ್ದದೆ. ಒಂದು ಡಬ್ಬಿ ಇದ್ರೆ ಕೊಡಿ, ಮಾಬ್ಲಣ್ಣ."

ಮಾಬ್ಲೇಶ್ವರ ಕಪಾಟಿನಿಂದ ಹೊಸ ಡಬ್ಬಿ ತೆಗೆದು, ಮೇಲಿನ ಧೂಳು ಒರೆಸಿ, ಅವನ ಕೈಗೆ ಕೊಟ್ಟ.