ದಾಜಿ ಹೆರೆದ ಬೋಟು

“ದಾಜಿ, ಅದು ಎತ್ತಿನ ಕೊಂಬಲ್ಲ, ಬೋಟ ಅದ. ಮೊದಲ ಆ ಗಾಜಿನ ಚೂರು ಕೆಳಗ ಇಡ್ರಿ.”

“ಕೆಳಗ ಇಡ್ಲೇನು, ನಿನ್ನ ತಲಿ ಮ್ಯಾಲ ಇಡ್ಲೇನು? ನಿನಗ ಚಡ್ಡಿ ಗುಂಡಿ ಹಾಕ್ಕೊಳ್ಳಾಕ ಬರಲಾರದಾಗಿಂದ ನಾ ಕೊಂಬು ಹೆರೀಲತ್ತೀನಿ. ಹೊಳಪು ಹ್ಯಾಂಗ ಬರ್ತದಂತ ನೀ ನನಗ ಹೇಳ್ತಿ?”

“ಹೊಳಪೆಲ್ಲಿ ಬಂದದ್ರಿ? ಪುಡಿ ಉದುರ್ಲತ್ತದ. ಇಲ್ಲಿ ನೋಡ್ರಿ, ಎಳಿ ಎಳಿ ಎದ್ದಾವ.”

ಗೋವಿಂದ ನೋಡಲಿಲ್ಲ. ನೋಡಿದರೆ, ಅಕ್ಕನ ಗಂಡನೆಂದು ತನ್ನನ್ನು ‘ದಾಜಿ’ ಎಂದು ಕರೆಯುವ ಹೆಂಡತಿಯ ತಮ್ಮ ಪರಾಗ ಹೇಳಿದ್ದು ಖರೆ ಎಂದು ಒಪ್ಪಬೇಕಾಗುತ್ತಿತ್ತು. ನೋಡುವ ಬದಲು ಎರಡೂ ಮೊಣಕೈ ತುರಿಸಿಕೊಂಡ.

ಬೋಟು ಭಾಲ್ಕಿಯ ಅತ್ತೆಮನೆಯ ಅಂಗಳದಲ್ಲಿ ಹಳೇ ಟೈರುಗಳ ಮೇಲೆ ಬೋರಲಾಗಿ ಬಿದ್ದಿತ್ತು. ಬೀದರಿನ ಗುಜರಿಯಲ್ಲಿ ಎಷ್ಟೋ ವರ್ಷ ಬಿಸಿಲು ಕುಡಿದು ಸುಣ್ಣದ ಗೋಡೆಯಂತಾಗಿದ್ದ ಫೈಬರ್ ಬೋಟು ಅದು. ಪರಾಗ ಅದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ತಂದಿದ್ದ. ಕಾರಂಜಾ ಹಿನ್ನೀರಿನಲ್ಲಿ ಜನರನ್ನು ಬೋಟಿನಲ್ಲಿ ಸುತ್ತಾಡಿಸುವ ನಜಮೋದ್ದೀನ ಬಂದು ಗುದ್ದಿ ನೋಡಿ, “ಮೈ ಗಟ್ಟಿ ಅದ, ಮಾರಿ ಸತ್ತದ. ಜನ ಮಾರಿ ನೋಡೇ ಹತ್ತೂದು. ಹೊಳಿಯೂಹಂಗ ಮಾಡು, ನನ್ನ ಜೋಡಿ ನಿಂದೂ ನಡೀಲಿ” ಎಂದಿದ್ದ. ನಾಳೆ ಬೆಳಿಗ್ಗೆ ಅವನು ಮತ್ತೆ ನೋಡಲು ಬರುವವನಿದ್ದ.

ಪರಾಗ ಬಲಮಗ್ಗಲು ಮುಗಿಸಿದ್ದ. ಸೋಪಿನ ನೀರಿನಿಂದ ತೊಳೆದು, ವಾಟರ್ ಪೇಪರೆಂಬ ನುಣುಪು ಉಜ್ಜುಕಾಗದವನ್ನು ನೀರಲ್ಲಿ ಅದ್ದಿ ಅದ್ದಿ ಹಗುರಾಗಿ ತಿಕ್ಕಿ, ಕಾರಿಗೆ ಹೊಳಪು ಕೊಡುವ ಕಂಪೌಂಡು ಹಚ್ಚಿ, ಕೊನೆಗೆ ಮೇಣ ಒರೆಸಿದ್ದ. ಆ ಮಗ್ಗಲು ಎಷ್ಟು ಹೊಳೆಯುತ್ತಿತ್ತೆಂದರೆ ಮನೆಯ ಹುಂಜ ಅದರಲ್ಲಿ ಇನ್ನೊಂದು ಹುಂಜವನ್ನು ಕಂಡು ಮುಂಜಾನೆಯಿಂದ ಅದರ ಜೊತೆ ಕಾದಾಡುತ್ತಿತ್ತು. ಕಂಪೌಂಡು ತೀರಿತೆಂದು ಪರಾಗ ಬೀದರಿಗೆ ಹೋದ. ಅದೇ ಹೊತ್ತಿಗೆ ಔರಾದ ಕಡೆಯ ತನ್ನ ಊರಿಂದ ಗೋವಿಂದ ಊಟಕ್ಕೆಂದು ಬಂದಿಳಿದ.

ಯಾರೂ ಅವನನ್ನು ಕೆಲಸಕ್ಕೆ ಕರೆದಿರಲಿಲ್ಲ. ಆದರೆ ಕರೆಯದ ಕೆಲಸದಲ್ಲೇ ಗೋವಿಂದನ ಕೈ ಹೆಚ್ಚು ಓಡುತ್ತಿತ್ತು. ಪೋಳಾ ಹಬ್ಬ ಬಂತೆಂದರೆ ಸುತ್ತಲಿನ ಊರಿನವರು ಎತ್ತು ಹೊಡೆದುಕೊಂಡು ಅವನ ಬಾಗಿಲಿಗೆ ಬರುತ್ತಿದ್ದರು. ಒಡೆದ ಗಾಜಿನ ಚೂರಿನಿಂದ ಕೊಂಬು ಹೆರೆದು, ಶೇಂಗಾ ಎಣ್ಣೆ ತಿಕ್ಕಿ, ಮುದಿ ಎತ್ತನ್ನೂ ಮದುಮಗನಂತೆ ಮಾಡಿ ಕಳಿಸುತ್ತಿದ್ದ. ಕೊಂಬಿಗೆ ನಡೆದದ್ದು ಬೋಟಿಗೆ ಯಾಕೆ ನಡೆಯಬಾರದು? ಎಡಮಗ್ಗಲು ಹಿಡಿದು ಕೂತ.

ಬಿಳಿ ಪುಡಿ ಉದುರಿದಾಗ ‘ಕೊಳಿ ಹೊಂಟದ’ ಎಂದು ಹಿಗ್ಗಿದ. ಹೊರಟದ್ದು ಕೊಳೆಯಾಗಿರಲಿಲ್ಲ, ಹೊಳೆಯುವ ತೊಗಲೇ ಆಗಿತ್ತು. ಕೊಂಬು ಎಷ್ಟು ಹೆರೆದರೂ ಒಳಗೆ ಕೊಂಬೇ ಸಿಗುತ್ತದೆ. ಬೋಟಿನ ಹೊಳಪು ಮಾತ್ರ ಉಗುರಿನಷ್ಟು ತೆಳ್ಳಗೆ, ಅದರ ಕೆಳಗೆ ಬರೀ ಗಾಜಿನ ನಾರು. ನಾರು ಕಂಡಾಗ ಗೋವಿಂದ ಎಣ್ಣೆ ಸುರಿದ. ಅರೆಗಳಿಗೆ ಮಿರಮಿರ ಮಿಂಚಿತು. ಆ ಅರೆಗಳಿಗೆಯಲ್ಲೇ ಅತ್ತೆ ಜಾನಕಿಬಾಯಿಯನ್ನು ಕರೆದು ತೋರಿಸಿ, ಚಹಾ ಕೂಡ ಮಾಡಿಸಿಕೊಂಡು ಕುಡಿದ. ಆಮೇಲೆ ಗಾಳಿ ಬಿಟ್ಟಿತು. ಅಂಗಳದ ಮಣ್ಣು, ಹುಂಜದ ಪುಕ್ಕ, ಹೊಟ್ಟು ಎಲ್ಲ ಎಣ್ಣೆಗೆ ಅಂಟಿಕೊಂಡವು. ಪುಡಿ ಮೈಗೆ ಹತ್ತಿ ನವೆ ಎದ್ದಿತು. ಅದಕ್ಕೂ ಎಣ್ಣೆಯನ್ನೇ ಹಚ್ಚಿಕೊಂಡ. ನವೆ ಇಮ್ಮಡಿಯಾಯಿತು.

ಈಗ ಪರಾಗ ಕಂಪೌಂಡಿನ ಡಬ್ಬಿ ಹಿಡಿದು, ಗಜಕರ್ಣವಾದ ಎಮ್ಮೆಯಂತೆ ಕಾಣುವ ಆ ಎಡಮಗ್ಗಲನ್ನೇ ನೋಡುತ್ತಾ ನಿಂತಿದ್ದ.

“ನಾಳಿ ನಜಮೋದ್ದೀನಗ ಏನ್ ಹೇಳ್ಲಿರಿ? ಬಲಮಗ್ಗಲು ಅಷ್ಟೇ ನೋಡಪ್ಪಾ ಅನ್ಲೇನು?”

ಒಳಗಿನಿಂದ ಜಾನಕಿಬಾಯಿ ಹೊಸ್ತಿಲಿಗೆ ಬಂದರು. “ಗೋವಿಂದರಾವ, ಹೋಗ್ಲಿ ಬಿಡ್ರಿ. ಗೊತ್ತಾಗ್ಲಿಲ್ಲ, ತಪ್ಪಾತು ಅಂದ್ರ ಮುಗೀತು. ಮತ್ತ ಕುಂತು ದಾರಿ ಹುಡುಕೂಣು.”

ತಪ್ಪಾತು ಎಂಬ ಮಾತು ಗೋವಿಂದನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನ ನಾಲಿಗೆಯ ಮೇಲೆ ಸಿಟ್ಟಿನ ಮಾತು ಯಾವಾಗಲೂ ಮುಂದಿನ ಸಾಲಿನಲ್ಲೇ ಕೂತಿರುತ್ತಿತ್ತು.

“ಹ್ಞೂಂ, ಒಂದೇ ಮಗ್ಗಲು ತೋರ್ಸು. ನಿಮ್ಮ ಮನ್ಯಾಗ ಅದೇನ್ ಹೊಸಾದು? ಲಗ್ನಕ್ಕ ನಿಮ್ಮಕ್ಕನ ಫೋಟೋನೂ ಒಂದೇ ಮಗ್ಗಲದಿಂದ ತಗಿಸಿ ತೋರ್ಸಿದ್ರಿ.”

ಹುಂಜ ಕೂಡ ಕಾದಾಟ ನಿಲ್ಲಿಸಿದಂತೆ ಅವನಿಗೆ ಅನಿಸಿತು. ಆ ಅಕ್ಕ, ಗೋವಿಂದನ ಹೆಂಡತಿ ಕಾಂತಾಬಾಯಿ, ಔರಾದ ಕಡೆಯ ಮನೆಯಲ್ಲೇ ಉಳಿದಿದ್ದಳು; ತವರಿಗೆಂದು ಅವಳು ಗಂಡನ ಕೈಯಲ್ಲಿ ಕೊಟ್ಟು ಕಳಿಸಿದ ಹೆಸರುಬೇಳೆಯ ಗಂಟು ಇನ್ನೂ ಕಟ್ಟೆಯ ಮೇಲೆ ಹಾಗೇ ಇತ್ತು. ಜಾನಕಿಬಾಯಿ ಒಳಗೆ ಹೋದರು. ಪರಾಗ ಬಕೆಟ್ಟಿಗೆ ನೀರು ತುಂಬತೊಡಗಿದ.

“ನಾ ಹೊಂಟೆ” ಎಂದ ಗೋವಿಂದ.

ಯಾರೂ ಬೇಡ ಅನ್ನಲಿಲ್ಲ. ಅದಕ್ಕೆ ಅವನು ಅಷ್ಟಾಗಿ ಹೆದರಲಿಲ್ಲ. ಮದುವೆಯ ದಿನ ಅಳಿಯ ಮುನಿಸಿಕೊಳ್ಳುವುದು, ಹೆಣ್ಣಿನ ತಮ್ಮ ತೆಂಗಿನಕಾಯಿ ಹಿಡಿದು ರಮಿಸುವುದು ಆ ಕಡೆಯ ಪದ್ಧತಿ. ಬೇರೆ ಅಳಿಯಂದಿರ ಮುನಿಸು ಮಂಟಪದಲ್ಲೇ ಮುಗಿಯುತ್ತಿತ್ತು. ಗೋವಿಂದ ಮಾತ್ರ ಅದನ್ನು ಇಲ್ಲಿಯವರೆಗೆ ಸಾಗಿಸಿಕೊಂಡು ಬಂದಿದ್ದ. ಬೇಳೆಗೆ ಉಪ್ಪು ಹೆಚ್ಚಾಯಿತೆಂದು ಎದ್ದಿದ್ದ, ಪಂಕ್ತಿಯಲ್ಲಿ ಎರಡನೆಯ ಎಲೆ ಹಾಕಿದರೆಂದು ಎದ್ದಿದ್ದ. ಪ್ರತಿ ಸಲವೂ ಟವೆಲ್ಲನ್ನು ಗೂಟದ ಮೇಲೆ ಬೇಕೆಂದೇ ಬಿಟ್ಟು, ಹಿಟ್ಟಿನ ಗಿರಣಿಯ ಮೂಲೆಯವರೆಗೆ ಬಾಣಂತಿಯಂತೆ ನಡೆಯುತ್ತಿದ್ದ. ಅಷ್ಟರಲ್ಲಿ ಯಾರಾದರೂ ಟವೆಲ್ಲು ಹಿಡಿದು ಓಡಿ ಬಂದು ಕೈ ಹಿಡಿಯುತ್ತಿದ್ದರು.

ಈಗಲೂ ಟವೆಲ್ಲು ಬಿಟ್ಟೇ ಹೊರಟ. ಬಿರಬಿರನೆ ನಡೆಯಬಾರದು, ನಿಧಾನ ನಡೆಯಬೇಕು. ಆದರೆ ನವೆ ನಿಧಾನ ನಡೆಯಲು ಬಿಡಲಿಲ್ಲ. ಬೆನ್ನು ತುರಿಸಿಕೊಳ್ಳುತ್ತಾ, ಕಂಕುಳು ತುರಿಸಿಕೊಳ್ಳುತ್ತಾ, ಮುನಿದ ಅಳಿಯನ ಗತ್ತು ತೋರಿಸುವುದು ಎಷ್ಟು ಕಷ್ಟವೆಂದು ಅವನಿಗೆ ಅಂದು ಗೊತ್ತಾಯಿತು. ಗಿರಣಿಯವನು ಹೊರಗೆ ಬಂದು, “ಏನ್ ಕಡೀತ್ರಿ ಜಮಾಯಿ?” ಎಂದು ಊರ ಅಳಿಯನನ್ನು ಕೇಳಿದ.

ಹಿಂದೆ ಬಳೆಯ ಸದ್ದಾಯಿತು. ಗೋವಿಂದನ ಎದೆ ಉಬ್ಬಿತು. ಬಂದವಳು ಪರಾಗನ ಹೆಂಡತಿ ಪೂನಮ, ಕೈಯಲ್ಲಿ ಟವೆಲ್ಲು.

“ಅಣ್ಣಾರ, ಇದು ಮರ್ತು ಹೊಂಟೀರಿ. ಅತ್ತಿಯವರು ಕೊಟ್ಟು ಬಾ ಅಂದ್ರು.”

“ಮತ್ತೇನಂದ್ರು?”

“ಮತ್ತೇನಿಲ್ರಿ.” ಅವಳು ತುಸು ಯೋಚಿಸಿದಳು. “ಆ ಗಾಜಿನ ಚೂರು ನಿಮ್ದೇ ಏನ್ರಿ? ಬೇಕಂದ್ರ ತಂದು ಕೊಡ್ತೇನಿ.”

ಅವಳು ಅಣಕಿಸುತ್ತಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

“ಬ್ಯಾಡವ್ವ” ಎಂದ. “ಪರಾಗಗ ಹೇಳು…” ಮುಂದಿನ ಮಾತು ಬಾಯಿಗೆ ಬರುವಷ್ಟರಲ್ಲಿ ಔರಾದ ಬಸ್ಸು ಗಿರಣಿಯ ಮೂಲೆಗೆ ಬಂದು ಹಾರನ್ ಹೊಡೆಯಿತು. “ಬಸ್ ಬಂತಂತ ಹೇಳು.”

ಪೂನಮ ತಿರುಗಿ ಹೋದಳು. ಅಂಗಳದಿಂದ ವಾಟರ್ ಪೇಪರಿನ ಸರಸರ ಸದ್ದು ಗಿರಣಿಯವರೆಗೂ ಕೇಳುತ್ತಿತ್ತು. ಅದು ನಿಂತರೆ ಪರಾಗ ಕರೆಯಲು ಎದ್ದನೆಂದೇ ಅರ್ಥ, ಆಗ ಹತ್ತುವುದಿಲ್ಲ ಎಂದುಕೊಂಡು ಗೋವಿಂದ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟು ಕಾದ. ಕಂಡಕ್ಟರ್, “ಹತ್ತೂದ ಅದ, ತುರಸ್ಕೊಳ್ಳೂದ ಅದ?” ಎಂದು ಕೇಳಿದ.

ಸದ್ದು ನಿಲ್ಲಲಿಲ್ಲ. ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹತ್ತಿದ. ಆಮೇಲೆ ಆ ಮನೆಯ ಗೂಟದ ಮೇಲೆ ಅದು ಮತ್ತೆಂದೂ ತೂಗಲಿಲ್ಲ.