ಸಮ್ಮಟಿಗೆ ತಾಳ ತಪ್ಪಿದ ದಿನ

ಆ ಕುಲುಮೆಯ ಮುಂದೆ ನಿಂತರೆ ಯಾರ ಕಾಲಾದರೂ ತಾನಾಗಿ ತಾಳ ಹಾಕಬೇಕು, ಹಾಗಿತ್ತು ಅಣ್ಣತಮ್ಮಂದಿರ ಕೆಲಸ! ಅಣ್ಣ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಚಿಕ್ಕ ಸುತ್ತಿಗೆಯಿಂದ ಟಣ್ ಎಂದು ಜಾಗ ತೋರಿಸುತ್ತಿದ್ದ. ತಮ್ಮನ ಸಮ್ಮಟಿಗೆ ಧಣ್ ಎಂದು ಅಲ್ಲೇ ಬೀಳುತ್ತಿತ್ತು. ಮಾತೇ ಬೇಕಿರಲಿಲ್ಲ.

ಅಂದು ಬೆಳಿಗ್ಗೆ ಅಣ್ಣನ ಸುತ್ತಿಗೆ ಏಳುವ ಮೊದಲೇ ಸಮ್ಮಟಿಗೆ ಬಿತ್ತು. ಕೂದಲೆಳೆಯಲ್ಲಿ ಅಣ್ಣನ ಬೆರಳು ಉಳಿದವು!

"ಲೋ, ಕಣ್ಣು ಎಲ್ಲಿಟ್ಟಿದ್ದೀಯ?"

"ಸರಿಯಾಗೇ ಹೊಡೆದೆ ಅನ್ನಿಸ್ತಲ್ಲ ಅಣ್ಣ..."

ಮುಂದಿನ ಪೆಟ್ಟು ತಡವಾಯಿತು. "ಹಿಡಿ ಸಡಿಲ ಆಗಿದೆ, ಅದಕ್ಕೇ" ಎಂದು ಅಣ್ಣ ಸಮ್ಮಟಿಗೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟ. ಮರದ ಹಿಡಿ ನೆನೆದು ಉಬ್ಬಿದರೆ ಬಿಗಿಯಾಗುತ್ತದೆ. ಅದು ಉಬ್ಬಲಿ ಎಂದು ಇಬ್ಬರೂ ಕಾಯುತ್ತ ಕೂತರು. ಕೆಟ್ಟದ್ದು ಹಿಡಿಯಲ್ಲ ಎಂದು ಪಾಪ, ಅವರಿಗೇನು ಗೊತ್ತು?

ಸ್ವಲ್ಪ ಹೊತ್ತಿಗೆ ತಮ್ಮ ಎದ್ದ. ಎದ್ದವನು ತೂರಾಡಿ ಗೋಡೆಗೆ ಡಿಕ್ಕಿ ಹೊಡೆದ, ವಾಂತಿ ಮಾಡಿಕೊಂಡ. ಮಾತೂ ತೊದಲತೊಡಗಿತು.

"ಬೆಳಬೆಳಿಗ್ಗೆ ಏರಿಸ್ಕೊಂಡು ಬಂದಿದ್ದೀಯಾ?" ಅಣ್ಣ ಕೆಂಡಾಮಂಡಲವಾದ. "ಹೋಗಿ ಬಿದ್ಕೋ!"

"ನನ್ನ ಮೈದುನ ಅಂಥೋನಲ್ಲ ರೀ!" ಎಂದು ಗದ್ದಲ ಕೇಳಿ ಬಂದ ಅತ್ತಿಗೆ ಪಕ್ಕದ ಮನೆಗೆ ಓಡಿದಳು. ಅಲ್ಲಿದ್ದವರು ಆಸ್ಪತ್ರೆಯ ನರ್ಸ್. ಬೀದಿಗೆಲ್ಲ ಅವರು ನರ್ಸಕ್ಕ.

ನರ್ಸಕ್ಕ ಒಂದು ನೋಟ ನೋಡಿ, ಯಾವಾಗಿನಿಂದ ಹೀಗೆ ಎಂದು ಕೇಳಿ, ಮೊದಲು ಆಂಬುಲೆನ್ಸ್‌ಗೆ ಫೋನ್ ಮಾಡಿದರು.

"ಅಷ್ಟಕ್ಕೆಲ್ಲ ಆಂಬುಲೆನ್ಸಾ? ಮಲಗೆದ್ರೆ ಸರಿಹೋಗ್ತಾನೆ ಬಿಡಕ್ಕ" ಎಂದ ಅಣ್ಣ.

"ಮಲಗಿಸ್ಬೇಡಣ್ಣ! ತಲೆಯ ಹಿಂಭಾಗದಲ್ಲಿ ಕಿರುಮೆದುಳು ಅಂತಿದೆ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಚೂರೇ ಚೂರು ಹೊತ್ತು ಇರುತ್ತಲ್ಲ, ಅದರ ಅಂದಾಜು ಸಿಗೋಕೆ ಅದು ಬೇಕು. ಗಡಿಯಾರ ನೋಡ್ಕೊಂಡು ಯಾರಾದ್ರೂ ಸಮ್ಮಟಿಗೆ ಎತ್ತುತ್ತಾರಾ? ನಡೆಯೋವಾಗ ಬೀಳದ ಹಾಗೆ ನೋಡ್ಕೊಳ್ಳೋದೂ ಅದೇ."

"ಅದಕ್ಕೇನಾಯ್ತೀಗ?"

"ರಕ್ತ ಹೋಗೋ ದಾರಿ ಕಟ್ಟಿರಬಹುದು. ಬೇಗ ಹೋದ್ರೆ ಉಳೀತಾನೆ!"

ಅಣ್ಣನ ಸಿಟ್ಟು ಜರ್ರನೆ ಇಳಿಯಿತು. ಆಂಬುಲೆನ್ಸ್ ಬಂದಾಗ ಎಲ್ಲರಿಗಿಂತ ಮೊದಲು ಹತ್ತಿದವನು ಅವನೇ.

ನರ್ಸಕ್ಕನ ಅನುಮಾನ ನಿಜವಾಗಿತ್ತು. ಕಿರುಮೆದುಳಿನ ರಕ್ತನಾಳ ಕಟ್ಟಿತ್ತು. ಡಾಕ್ಟರ್ ಹೊರಗೆ ಬಂದು, "ಸರಿಯಾದ ಹೊತ್ತಿಗೆ ತಂದಿರಿ, ಅಪಾಯ ಕಳೀತು" ಎಂದಾಗ ಅಣ್ಣ ಜೊತೆಗೇ ಬಂದಿದ್ದ ನರ್ಸಕ್ಕನ ಕೈ ಹಿಡಿದು ಅತ್ತ. "ನಾನೇ ಮಲಗಿಸಿಬಿಡ್ತಿದ್ದೆನಲ್ಲಕ್ಕ!"

ಈಗ ತಮ್ಮ ಗೋಡೆ ಹಿಡಿಯದೆ ನಡೆಯುತ್ತಾನೆ. ತುತ್ತು ದಾರಿ ತಪ್ಪದೆ ಬಾಯಿಗೆ ಹೋಗುತ್ತದೆ. ಬೆಂಕಿಯ ಕೆಲಸ ಇನ್ನೂ ಬೇಡ ಎಂದಿದ್ದಾರೆ ಡಾಕ್ಟರ್. ಅಣ್ಣ ದಿನವೂ ಅವನೆದುರು ಕೂತು ತಾನೂ ತಟ್ಟುತ್ತ ಚಪ್ಪಾಳೆ ತಟ್ಟಿಸುತ್ತಾನೆ, ಇಬ್ಬರ ತಾಳವೂ ಕೂಡಿ ಬಂದರೆ ಮನೆಗೆಲ್ಲ ಕೇಳುವ ಹಾಗೆ ಕೂಗುತ್ತಾನೆ!

ಬಂಧುಗಳೇ, ನಿಮ್ಮವರು ಯಾರಾದರೂ ಇದ್ದಕ್ಕಿದ್ದಂತೆ ತೂರಾಡಿದರೆ, ತಲೆ ಸುತ್ತಿ ವಾಂತಿ ಮಾಡಿಕೊಂಡರೆ, ಮಾತು ತೊದಲಿದರೆ, ಪಳಗಿದ ಕೈ ಗುರಿ ತಪ್ಪಿದರೆ, ಬಾಯಿ ಮೂಸಿ ನೋಡುತ್ತ ಕೂರಬೇಡಿ. ಮಲಗೆದ್ದರೆ ಸರಿಹೋಗುತ್ತದೆಂದು ಮಲಗಿಸಲೂ ಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ. ಕುಡಿದಿದ್ದನೆಂದು ಗೊತ್ತಾದರೆ ನಾಲ್ಕು ಜನ ನಕ್ಕಾರು, ನಗಲಿ ಬಿಡಿ. ಕುಡಿದಿರಲಿಲ್ಲ ಎಂದಾದರೆ ನಿಮ್ಮ ಮನೆಯ ಒಂದು ಜೀವ ಉಳಿದಿರುತ್ತದೆ.