ಕೊಬ್ಬರಿ ಕಾಯುವವನು

ಹೋರಿಯ ಕೊರಳಿನ ಕೊಬ್ಬರಿಯನ್ನು ಯಾರಾದರೂ ಕಿತ್ತರೆ ಅವತ್ತು ಸಂಜೆ ನನಗೆ ಏಟು ಬೀಳುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ವ್ಯವಧಾನ ನನಗಿಲ್ಲ.

ನನ್ನ ಗಂಡ ಈಶ್ವರ್ ಆ ಹೋರಿಯನ್ನು ತಂದದ್ದು ನಮ್ಮ ಮದುವೆಯಾದ ವರ್ಷ. ತಾಳಗುಂದದ ಹತ್ತಿರ ಅವನ ಊರು. ಒಂದಿಷ್ಟು ಗದ್ದೆ, ಒಂದಿಷ್ಟು ಮೆಕ್ಕೆಜೋಳ. ಅವುಗಳ ಕಡೆ ಹೋಗುವುದಕ್ಕಿಂತ ಹೆಚ್ಚು ಹೊತ್ತು ಅವನು ಹೋರಿಯ ಮೈ ತಿಕ್ಕುವುದರಲ್ಲೇ ಕಳೆಯುತ್ತಿದ್ದ. ಅದಕ್ಕೆ ಹುರುಳಿ, ಹತ್ತಿಕಾಳು, ಬೆಳಿಗ್ಗೆ ಎದ್ದರೆ ಮೊಟ್ಟೆ. 'ತಾಳಗುಂದದ ಸಿಡಿಲು' ಎಂದು ಹೆಸರು ಬೇರೆ, ಟೀ ಶರ್ಟಿನ ಮೇಲೆಲ್ಲ ಅಚ್ಚು ಹಾಕಿಸಿದ್ದ. ಹೋರಿಯ ಮೈಮೇಲೆ ಬಾರುಕೋಲಿನ ಒಂದು ಗೆರೆ ಇರಲಿಲ್ಲ. ಗೋಡೆಯ ಮೊಳೆಯಿಂದ ಬಾರುಕೋಲು ಇಳಿಯುತ್ತಿದ್ದದ್ದು ನನಗಾಗಿ ಮಾತ್ರ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಆ ಮನೆಯ ಕೊತ್ತಿ ನಾನು.

ದೀಪಾವಳಿ ಪಾಡ್ಯ ಕಳೆದರೆ ನಮ್ಮ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಹಬ್ಬ ಶುರು, ದಿನಕ್ಕೊಂದು ಊರಲ್ಲಿ. ಬಯಲಿನ ಎರಡೂ ಕಡೆ ಬೇಲಿ ಕಟ್ಟಿ, ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಬೆನ್ನಿಗೆ ಮಿಂಚುವ ಜೂಲ ಹಾಕಿದ ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಪೈಲ್ವಾನರು ಅನ್ನಿಸಿಕೊಂಡ ಹುಡುಗರು ಮೇಲೆ ಬಿದ್ದು ಕೊಬ್ಬರಿ ಕೀಳಬೇಕು. ಕಿತ್ತವನು ಅದನ್ನು ವೇದಿಕೆಗೆ ತಂದು ತೋರಿಸಿದರೆ ಹೋರಿ ಸೋತಂತೆ, ಇಲ್ಲದಿದ್ದರೆ ಗೆದ್ದಂತೆ. ಈ ಹಬ್ಬಕ್ಕೆ ಜಾತಿ ಕೇಳುವವರಿಲ್ಲ. ಜೂಲ ಹೊಲಿಯುವವರು ಶಿರಾಳಕೊಪ್ಪದ ಸಾಬರು, ಪೂಜೆ ಜಂಗಮರದು, ಡೊಳ್ಳು ಕುರುಬರದು, ಕೋಡಿನ ಏಟು ತಿನ್ನುವವರು ಎಲ್ಲರ ಮನೆಯ ಮಕ್ಕಳು.

ನನ್ನ ತಮ್ಮ ನಾಗೇಶ ಅಂಥವರಲ್ಲಿ ಒಬ್ಬ. ನಮ್ಮ ತವರು ಜಡೆ ಊರಿನ ಕಡೆ. ಸೊರಬ ತಾಲೂಕಿನಲ್ಲಿ ಅವನ ಕೈಗೆ ಸಿಕ್ಕಿ ಕೊಬ್ಬರಿ ಉಳಿಸಿಕೊಂಡ ಹೋರಿ ಕಡಿಮೆ. ಅಂಥವನು ಹೋದ ವರ್ಷ ಭಾವನ ಹೋರಿ ಬಂದಾಗ ಮಾತ್ರ ಬೇಲಿ ಹತ್ತಿ ಕೂತು ಸಿಳ್ಳೆ ಹೊಡೆದಿದ್ದ. ಜನ ನಕ್ಕರು. ಅಕ್ಕನ ಗಂಡನ ಮರ್ಯಾದೆ ಕಾಯುತ್ತಾನೆ ಎಂದು ನಾನು ಅಂದುಕೊಂಡಿದ್ದೆ, ಒಳಗೊಳಗೆ ಖುಷಿಯೂ ಪಟ್ಟಿದ್ದೆ. ಅವತ್ತು ಬೇರೆ ಯಾರೂ ಕೀಳಲಿಲ್ಲ. ನಾನು ಅವತ್ತು ನಿದ್ದೆ ಮಾಡಿದೆ.

ಈ ವರ್ಷ ದೀಪಾವಳಿಗೆ ನಾನು ಮೊದಲೇ ತವರಿಗೆ ಬಂದೆ. ಎಣ್ಣೆ ನೀರಿನ ದಿನ ಅವ್ವ ಬಚ್ಚಲಲ್ಲಿ ಕೂರಿಸಿಕೊಂಡು ಬೆನ್ನಿಗೆ ಹರಳೆಣ್ಣೆ ಹಚ್ಚುತ್ತಿದ್ದಳು. ಬೆನ್ನಿನ ಒಂದು ಜಾಗಕ್ಕೆ ಬಂದಾಗ ಅವಳ ಕೈ ಹಗುರಾಯಿತು. ಹೋದ ವರ್ಷವೂ ಹಾಗೇ ಆಗಿತ್ತು, ಏನೂ ಕೇಳಿರಲಿಲ್ಲ. ಈ ಸಲ ಕೇಳದೆಯೇ ಹೇಳಿದಳು.

"ಹೆದರ್ಬ್ಯಾಡ ಸ್ಪಂದನ. ನಾಗೇಶಂಗೆ ಹೇಳೀನಿ. ಅವ ಭಾವನ ಹೋರಿ ಕೊಬ್ಬರಿ ಮುಟ್ಟದಿಲ್ಲ. ಬ್ಯಾರೇರು ಮುಟ್ಟಕ್ಕೂ ಬಿಡದಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬಚ್ಚಲಿನ ಹಬೆಯೂ ತಣ್ಣಗಿದೆ ಅನ್ನಿಸಿತು.

"ನಿಂಗೆ ಗೊತ್ತಿತ್ತಾ ಅವ್ವ?"

"ಬೆನ್ನು ನೋಡಿದ್ರೆ ಗೊತ್ತಾಗದಿಲ್ವಾ? ನಾನೇನು ಕುರುಡಿಯಾ?"

"ಗೊತ್ತಿದ್ದೂ ನನ್ನ ಮತ್ತೆ ಅಲ್ಲಿಗೇ ಕಳಿಸ್ದ್ಯಾ?"

"ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಕಣೇ," ಅಂದಳು ಅವ್ವ, ಚೊಂಬಿನಲ್ಲಿ ನೀರು ಮೊಗೆಯುತ್ತಾ. "ಕೊಬ್ಬರಿ ಹೋದಾಗ ಮಾತ್ರ ತಾನೇ ಅವರು ಹಂಗಾಡದು? ಉಳಿದಂಗೆ ಒಳ್ಳೇರೇ. ಕೊಬ್ಬರಿ ಹೋಗ್ದಿದ್ರಾತು."

ನಾನು ಅವಳ ಕೈಯಿಂದ ಚೊಂಬು ಕಸಿದುಕೊಂಡು ನನ್ನ ತಲೆಗೆ ನಾನೇ ನೀರು ಹುಯ್ದುಕೊಂಡೆ. ನಮ್ಮವರು ಎಷ್ಟು ಒಳ್ಳೆಯವರು ನೋಡಿ. ಮಗಳಿಗೆ ಏಟು ಬೀಳುತ್ತದೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಸೇರಿ ಕೊಬ್ಬರಿ ಕಾಯಲು ನಿಂತರು.

ನಮ್ಮೂರ ಹೋರಿ ಹಬ್ಬದ ದಿನ ಬೆಳಿಗ್ಗೆ ನಾಗೇಶ ಹಿತ್ತಿಲಲ್ಲಿ ಸೊಂಟಕ್ಕೆ ಟವೆಲ್ ಬಿಗಿದುಕೊಳ್ಳುತ್ತಿದ್ದ. ಅವನ ಎದುರಿಗೆ ಹೋಗಿ ನಿಂತೆ.

"ನೀನು ಇವತ್ತು ಅಖಾಡಕ್ಕೆ ಇಳೀಬ್ಯಾಡ."

"ಇಳೀದಿದ್ರೆ ಮಲ್ಲಿಕಾರ್ಜುನ ಕೀಳ್ತಾನೆ ಅಕ್ಕ. ಶಿಕಾರಿಪುರದೋನು. ಭಾವನ ಹೋರಿ ಕೊಬ್ಬರಿ ಕಿತ್ತೇ ಕೀಳ್ತೀನಿ ಅಂತ ಸ್ಟೇಟಸ್ ಹಾಕ್ಯಾನೆ."

"ಕೀಳ್ಲಿ ಬಿಡು."

"ಕಿತ್ರೆ ನಿಂಗೆ..." ಅವನು ಟವೆಲ್ಲಿನ ಗಂಟು ಎಳೆದುಕೊಂಡ. "ಹೋದ ವರ್ಷನೇ ಭಾವಂಗೆ ನಾಕು ಬಾರಿಸಿ ಬರ್ತೀನಿ ಅಂದೆ. ಅವ್ವ ಬ್ಯಾಡ ಅಂತು. ಅಕ್ಕನ ಸಂಸಾರ ಹಾಳಾಗತ್ತೆ ಅಂತು."

"ನನ್ನನ್ನ ಆ ಮನೆಯಿಂದ ಕರ್ಕಂಡು ಬಂದ್ಬಿಡೋ. ಅಷ್ಟು ಮಾಡು ಸಾಕು."

"ಹಬ್ಬ ಒಂದು ಮುಗೀಲಿ ಅಕ್ಕ. ಅವ್ವನ ಹತ್ರ ಮಾತಾಡ್ತೀನಿ. ಆಣೆ," ಎಂದು ನನ್ನ ತಲೆ ಮುಟ್ಟಿ ಹೋದ. ಹಬ್ಬ ಮುಗಿಯಲಿ ಎನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೆಂಗಸರೆಲ್ಲ ಬೇಲಿಯಾಚೆ ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರೈಲರ್‌ಗಳ ಮೇಲೆ ನಿಂತಿದ್ದೆವು. ಅವ್ವ ನನ್ನ ಪಕ್ಕದಲ್ಲೇ ಇದ್ದಳು. ಮೈಕು ಹಿಡಿದು ಹೋರಿಗಳ ವರ್ಣನೆ ಮಾಡುತ್ತಿದ್ದವರು ಮಹೇಶ್ವರಪ್ಪ. ಆ ಮನುಷ್ಯನ ನಾಲಿಗೆಗೆ ನರವಿಲ್ಲ. ಒಬ್ಬ ಹುಡುಗನ ಕಾಲು ಮುರಿದು ಎತ್ತಿಕೊಂಡು ಹೋಗುತ್ತಿದ್ದಾಗಲೂ ಅವರು ಮುಂದಿನ ಹೋರಿಯ ಹೊಗಳಿಕೆಗೆ ಪ್ರಾಸ ಹುಡುಕುತ್ತಿದ್ದರು.

"ಬಂತ್ರೋ ಬಂತು! ಶಿಕಾರಿಪುರ ತಾಲೂಕಿನ ಸಿಂಹಸ್ವಪ್ನ, ತಾಳಗುಂದದ ಸಿಡಿಲು! ಜೀವ ಬೇಕಾದೋರು ಬೇಲಿ ಹತ್ರಿ, ಹೆಸರು ಬೇಕಾದೋರು ಎದುರಿಗೆ ನಿಲ್ರಿ!"

ಈಶ್ವರ್ ಹಗ್ಗ ಬಿಟ್ಟ. ಹೋರಿ ನೆಲ ಅದುರಿಸಿಕೊಂಡು ಬಂತು. ನಾಗೇಶ ಅದರ ಕೊರಳಿನ ಪಕ್ಕಕ್ಕೆ ಸೇರಿ ಜೊತೆಯಲ್ಲೇ ಓಡತೊಡಗಿದ. ಮೊದಲು ಎಲ್ಲರೂ ಕೇಕೆ ಹಾಕಿದರು, ಅವನು ಕೊಬ್ಬರಿಗೆ ಕೈ ಹಾಕುತ್ತಾನೆಂದು. ಅವನು ಹಾಕಲಿಲ್ಲ. ಕೈ ಹಾಕಲು ಬಂದ ಒಬ್ಬನ ಎದೆಗೆ ಮೊಣಕೈಯಿಂದ ತಿವಿದ. ಇನ್ನೊಬ್ಬನ ಕುತ್ತಿಗೆ ಪಟ್ಟಿ ಹಿಡಿದು ನೆಲಕ್ಕೆ ಎಳೆದ. ಬಿದ್ದವನ ಅಂಗೈಯನ್ನು ಹೋರಿಯ ಗೊರಸು ತುಳಿದುಕೊಂಡು ಹೋಯಿತು, ಅವನ ಕೂಗು ನಮ್ಮ ಟ್ರೈಲರ್‌ವರೆಗೆ ಕೇಳಿಸಿತು.

"ಏನ್ರೋ ಇದು! ಹೋರಿ ಹಿಡಿಯೋ ಪೈಲ್ವಾನ ಹೋರಿ ಕಾಯಕ್ಕೆ ನಿಂತಾನಲ್ರೋ!" ಮಹೇಶ್ವರಪ್ಪ ಮೈಕಿನಲ್ಲಿ ನಕ್ಕರು. "ಭಾವ ಎಷ್ಟು ಕೂಲಿ ಕೊಡ್ತಾನಂತೆ ಕೇಳ್ರಿ!"

ಬಯಲಿಗೆ ಬಯಲೇ ನಕ್ಕಿತು. ಯಾರೋ ಥೂ ಎಂದರು, ಯಾರೋ ಚಪ್ಪಲಿ ಎಸೆದರು. ನಾಗೇಶ ತಲೆ ತಗ್ಗಿಸಿಕೊಂಡೇ ಓಡಿದ.

ತುದಿ ಇನ್ನೇನು ಬಂತು ಅನ್ನುವಾಗ ಆಚೆ ಬದಿಯ ಬೇಲಿಯಿಂದ ಮಲ್ಲಿಕಾರ್ಜುನ ಹಾರಿದ. ಹೋರಿಯ ಕೊರಳಿಗೆ ಜೋತುಬಿದ್ದು, ಮಂಡಿ ನೆಲಕ್ಕೆ ಉಜ್ಜಿ ಚರ್ಮ ಕಿತ್ತುಬಂದರೂ ಬಿಡದೆ, ಸರ ಹರಿದುಕೊಂಡು ಹೊರಳಿ ಎದ್ದ. ಕೊಬ್ಬರಿಯನ್ನು ತಲೆ ಮೇಲೆ ಎತ್ತಿ ಹಿಡಿದು ವೇದಿಕೆ ಕಡೆ ಓಡಿದ. ಜನ ಹುಚ್ಚೆದ್ದು ಕೂಗಿದರು. ಅವ್ವ ನನ್ನ ತೋಳು ಹಿಡಿದುಕೊಂಡಳು. ನನ್ನ ಬೆನ್ನು ತಾನಾಗಿಯೇ ಬಿಗಿಯಾಯಿತು, ಏಟು ಇನ್ನೂ ಎಷ್ಟೋ ದೂರ ಇದ್ದರೂ.

ನಾಗೇಶ ಮಲ್ಲಿಕಾರ್ಜುನನನ್ನು ಹಿಂದಿನಿಂದ ಹಿಡಿದು ಕೆಡವಿದ. ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದ. ಅವನ ಮೂಗು ಒಡೆದು ರಕ್ತ ಬಾಯಿಗೆಲ್ಲ ಇಳಿಯಿತು. ಗುದ್ದುತ್ತಲೇ ನಾಗೇಶ ಅಳುತ್ತಿದ್ದ. "ಕೊಡ್ಲೇ, ಕೊಡೋ ಮಾರಾಯ, ನಿನ್ ಕಾಲಿಗೆ ಬೀಳ್ತೀನಿ ಕೊಡೋ!" ಬೆರಳು ತಿರುಚಿ ಕೊಬ್ಬರಿ ಕಸಿದುಕೊಂಡ. ಅಷ್ಟರಲ್ಲಿ ಮಲ್ಲಿಕಾರ್ಜುನನ ಕಡೆಯವರು ಬಂದು ಮುಗಿಬಿದ್ದರು. ಒದೆಗಳು, ಬೇಲಿಯಿಂದ ಕಿತ್ತ ಬಿದಿರು ಗಳುವಿನ ಏಟುಗಳು. ಅವನು ಕೊಬ್ಬರಿಯನ್ನು ಹೊಟ್ಟೆಗೆ ಅವುಚಿಕೊಂಡು ಮುದುಡಿದ, ಹೇಗೋ ಎದ್ದು ನಿಂತ.

ತುದಿಯಲ್ಲಿ ಹೋರಿಯನ್ನು ಹಿಡಿಯಬೇಕಾದವರೂ ಹೊಡೆದಾಟ ನೋಡಲು ಓಡಿ ಬಂದಿದ್ದರು. ಹೋರಿ ತಿರುಗಿತು. ಗದ್ದಲಕ್ಕೆ ಬೆದರಿ ಬಂದ ದಾರಿಯಲ್ಲೇ ವಾಪಸು ನುಗ್ಗಿತು. ಹೊಡೆಯುತ್ತಿದ್ದವರೆಲ್ಲ ಚದುರಿದರು. ನಾಗೇಶನ ಬೆನ್ನು ಹೋರಿಯ ಕಡೆ ಇತ್ತು.

"ನಾಗೇಶಾ!" ಎಂದು ನಾನು ಕಿರುಚಿದೆ. ಅವನು ತಿರುಗಿ ನೋಡಿದ್ದು ನನ್ನನ್ನು, ಹೋರಿಯನ್ನಲ್ಲ. ಕೊಬ್ಬರಿಯನ್ನು ಎತ್ತಿ ನನಗೆ ತೋರಿಸಿದ. ಕೋಡು ಪಕ್ಕೆಲುಬಿನ ಕೆಳಗೆ ಹೊಕ್ಕಿತು. ಹೋರಿ ಅವನನ್ನು ಎತ್ತಿ ಒಮ್ಮೆ ತಲೆ ಕೊಡವಿತು, ಅವನು ಬಿದ್ದ ಮೇಲೆ ಮತ್ತೊಮ್ಮೆ ತಿವಿದು ಮುಂದಕ್ಕೆ ಹೋಯಿತು.

ನಾನು ಟ್ರೈಲರ್‌ನಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಬೇಲಿಯ ಗಳು ತಾಗಿ ಅಂಗೈ ಸೀಳಿತ್ತು, ಅದು ಆಮೇಲೆ ಕಂಡದ್ದು. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗನ್ನು ಗಾಯಕ್ಕೆ ತುರುಕಿದೆ. ಬಿಸಿ ರಕ್ತ ಬೆರಳುಗಳ ನಡುವೆ ಉಕ್ಕುತ್ತಲೇ ಇತ್ತು. ಮಹೇಶ್ವರಪ್ಪ ಮೈಕು ಹಿಡಿದುಕೊಂಡೇ ಓಡಿ ಬಂದು, "ಸರೀರಿ, ಗಾಳಿ ಬಿಡ್ರಿ," ಎಂದು ಜನರನ್ನು ದೂಡುತ್ತಿದ್ದರು.

ಈಶ್ವರ್ ಬಂದ. ಬರುವಾಗಲೇ ಹೋರಿಯ ಬರಿಗೊರಳು ನೋಡಿಕೊಂಡು ಬಂದಿದ್ದ. ನಾಗೇಶನ ಮುಷ್ಟಿಯಲ್ಲಿದ್ದ ಕೊಬ್ಬರಿ ಕಂಡಿತು.

"ನಿನ್ ತಮ್ಮನೇ ಕಿತ್ನಲ್ಲೇ," ಎಂದ ನನಗೆ. "ಮನೇಗ್ ನಡಿ ನೀನು."

ನಾಗೇಶ ಕಣ್ಣು ತೆರೆದ. ಕೊಬ್ಬರಿ ಹಿಡಿದ ಕೈಯನ್ನು ಕಷ್ಟಪಟ್ಟು ಮೇಲೆತ್ತಿದ.

"ಕಿತ್ತಿಲ್ಲ ಭಾವ... ವಾಪಸ್ ಇಸ್ಕಂಡ್ ಬಂದೀನಿ... ತಗಳ್ರಿ. ಅಕ್ಕಂಗೆ ಹೊಡೀಬ್ಯಾಡ್ರಿ."

ಮಹೇಶ್ವರಪ್ಪನವರ ಕೈಯಲ್ಲಿದ್ದ ಮೈಕು ಆರಿಸಿರಲಿಲ್ಲ. 'ಅಕ್ಕಂಗೆ ಹೊಡೀಬ್ಯಾಡ್ರಿ' ಎನ್ನುವುದು ಎಲ್ಲ ಸ್ಪೀಕರುಗಳಿಂದ ಬಯಲಿಗೆಲ್ಲ ಕೇಳಿಸಿತು. ಡೊಳ್ಳು ನಿಂತಿತು.

ಆ ಒಂದು ಕ್ಷಣದಲ್ಲಿ ನನ್ನ ಗಂಡ ನಾಚಿಕೆಯಿಂದ ತಲೆ ತಗ್ಗಿಸಿದ್ದರೆ, ಅಥವಾ ಬಗ್ಗಿ ನನ್ನ ತಮ್ಮನ ಕಾಲಾದರೂ ಹಿಡಿದು ಎತ್ತಲು ಬಂದಿದ್ದರೆ, ನಾನು ಹೆಣ್ಣಿನ ಬುದ್ಧಿ ತೋರಿಸಿ ಕ್ಷಮಿಸಿಬಿಡುತ್ತಿದ್ದೆನೋ ಏನೋ. ಅವನು ಕೈ ಚಾಚಿ ಕೊಬ್ಬರಿ ತೆಗೆದುಕೊಂಡ. ಸರ ಪೂರ್ತಿ ಇದೆಯೇ ಎಂದು ತಿರುಗಿಸಿ ನೋಡಿದ. ರಕ್ತವನ್ನು ಪ್ಯಾಂಟಿಗೆ ಒರೆಸಿದ. ಮಹೇಶ್ವರಪ್ಪನವರ ಕಡೆ ತಿರುಗಿ ಕೇಳಿದ: "ವೇದಿಕೆಗೆ ಹೋಗಿಲ್ಲಲ್ರಿ ಇದು. ಹಂಗಾರೆ ನಮ್ ಹೋರಿ ಗೆದ್ದಂಗೇ ಆತಲ್ರಿ?"

ನಾನು ಎದ್ದು ಅದನ್ನು ಅವನ ಕೈಯಿಂದ ಕಿತ್ತುಕೊಂಡೆ. ಒಣಕೊಬ್ಬರಿ ಎಷ್ಟು ಗಟ್ಟಿ ಎಂದು ಅಡುಗೆ ಮಾಡುವವರಿಗೆ ಗೊತ್ತು. ಸರವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ಅವನ ಬಾಯಿಗೆ ಬಾರಿಸಿದೆ. ಹಲ್ಲು ಮುರಿದ ಸದ್ದೂ ಸ್ಪೀಕರಿನಲ್ಲಿ ಬಂತು. ಅವನು ಪಕ್ಕದಲ್ಲಿ ನಿಂತಿದ್ದ ಯಾರದೋ ಕೈಯಿಂದ ಬಾರುಕೋಲು ಕಿತ್ತು ಎತ್ತಿದ. ನಾನು ಮತ್ತೆ ಬಾರಿಸಿದೆ, ಕಣ್ಣಿನ ಮೇಲೆ. ಅವನು ಮಂಡಿಯೂರಿದ ಮೇಲೂ ಬಾರಿಸಿದೆ. ಯಾರೂ ಬಿಡಿಸಲು ಬರಲಿಲ್ಲ. ನನಗೆ ಸಮಾಧಾನವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ಹೊಡೆಯಬೇಕಿತ್ತು, ಆದರೆ ತಮ್ಮನನ್ನು ಗಾಡಿಗೆ ಹಾಕುತ್ತಿದ್ದರು.

ಸೊರಬದ ಆಸ್ಪತ್ರೆಯಲ್ಲಿ ಬಟ್ಟೆ ಬಿಗಿದು, ತಡಮಾಡದೆ ಶಿವಮೊಗ್ಗಕ್ಕೆ ಒಯ್ಯಿರಿ ಅಂದರು. ಆಂಬುಲೆನ್ಸಿನಲ್ಲಿ ಅವನ ತಲೆಯ ಕಡೆ ನಾನು, ಕಾಲಿನ ಕಡೆ ಅವ್ವ. ಶಿರಾಳಕೊಪ್ಪ ದಾಟಿದ ಮೇಲೆ ಅವನಿಗೆ ಸ್ವಲ್ಪ ಎಚ್ಚರವಾಯಿತು. ತುಟಿ ಬಿಳಿಚಿಕೊಂಡಿತ್ತು.

"ಅಕ್ಕ, ಭಾವ ತಗಂಡ್ರ?"

"ತಗಂಡ್ರು ಕಣೋ."

"ಹಂಗಾರೆ ಇವತ್ತು ಹೊಡಿಯಲ್ಲ."

"ಇಲ್ಲ. ಇವತ್ತೂ ಹೊಡಿಯಲ್ಲ, ಇನ್ಯಾವತ್ತೂ ಹೊಡಿಯಲ್ಲ."

ಅವನ ಮುಖದಲ್ಲಿ ನೆಮ್ಮದಿ ಕಂಡಿತು. ಕೆಲಸ ಮುಗಿಸಿ ಬಂದು ಜಗಲಿಯಲ್ಲಿ ಕೂತವನ ಹಾಗೆ ಉಸಿರು ಬಿಟ್ಟ. ಇನ್ನೊಂದು ಉಸಿರಿಗೆ ಕಾದೆ. ಬರಲಿಲ್ಲ. ಅವ್ವನಿಗೆ ಅದು ಗೊತ್ತಾಗಿರಲಿಲ್ಲ. ಅವನ ಪಾದ ಎರಡನ್ನೂ ಎದೆಗೊತ್ತಿಕೊಂಡು ಹೇಳತೊಡಗಿದಳು.

"ಕರ್ಕಂಡು ಬಂದ್ಬಿಡ್ತೀನಿ ಕಣೋ ನಿಮ್ಮಕ್ಕನ್ನ. ಇನ್ನು ಆ ಮನೇಗೆ ಕಳ್ಸದಿಲ್ಲ. ಯಾರೇನಂದ್ರೂ ಕಳ್ಸದಿಲ್ಲ. ಕೇಳಿಸ್ತಾ ಮಗನೇ?"

ಹೋದ ವರ್ಷ ಹೇಳಿದ್ದರೆ ಅವನಿಗೆ ಕೇಳಿಸುತ್ತಿತ್ತು.